ಜನ ಹೆಚ್ಚಾದರು ಎನ್ನುತ್ತಿದ್ದವರು ಈಗ ಜನ ಸಾಲದು ಎನ್ನುತ್ತಿರುವುದೇಕೆ?

ನಲವತ್ತು ದಾಟಿದ ಕನ್ನಡಿಗರಿಗೆ ಕುಟುಂಬ ಯೋಜನೆಯ ಆ ಕೆಂಪು ತ್ರಿಕೋನ ಚೆನ್ನಾಗಿ ನೆನಪಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ತ್ರಿಕೋನ, ಪಕ್ಕದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳ ನಗುಮುಖ, ಕೆಳಗೆ ‘ಆರತಿಗೊಂದು, ಕೀರ್ತಿಗೊಂದು’. ಶಾಲೆಯಲ್ಲಿ ‘ಜನಸಂಖ್ಯಾ ಸ್ಫೋಟ’ ಎಂದು ಪ್ರಬಂಧ ಬರೆದು ಬೆಳೆದ ಪೀಳಿಗೆ ಅದು.

ಆ ಪೀಳಿಗೆಗೆ ಗಲಿಬಿಲಿಯಾಗುವಂಥ ಸುದ್ದಿ 2024ರ ಅಕ್ಟೋಬರ್‌ನಲ್ಲಿ ಪಕ್ಕದ ಆಂಧ್ರದಿಂದ ಬಂತು. ಹೆಚ್ಚು ಮಕ್ಕಳನ್ನು ಹೊಂದಿ ಎಂದು ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಕರೆ ಕೊಟ್ಟರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಮೂರು ದಶಕದ ಹಳೆಯ ನಿಯಮವನ್ನು ಮರುತಿಂಗಳೇ ಅಲ್ಲಿನ ವಿಧಾನಸಭೆ ತೆಗೆದುಹಾಕಿತು. ಅದೇ ಹೊತ್ತಿಗೆ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಸಹ ಸಾಮೂಹಿಕ ಮದುವೆಯೊಂದರಲ್ಲಿ ಇಂಥದೇ ಮಾತಾಡಿದರು.

ಬೇಡ ಎಂದವರೇ ಬೇಕು ಎನ್ನುವಂತಾದದ್ದು ಹೇಗೆ? ಇದು ಆಂಧ್ರದ್ದೋ ತಮಿಳುನಾಡಿನದೋ ಸಂಗತಿಯಾಗಿ ಉಳಿದಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಮನುಷ್ಯಕುಲದ ಗಾತ್ರ ಎಷ್ಟಿರುತ್ತದೆ, ಅದರ ವಯಸ್ಸು ಎಷ್ಟಿರುತ್ತದೆ ಎಂಬ ಲೆಕ್ಕದ ಒಂದು ತುಣುಕು ಇದು. ಆ ಲೆಕ್ಕವನ್ನು ಬುಡದಿಂದ ನೋಡೋಣ.

2.1 ಎಂಬ ಸಂಖ್ಯೆ

ಈ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ‘ಒಟ್ಟು ಫಲವತ್ತತೆ ದರ’. ಇಂದಿನ ಪರಿಸ್ಥಿತಿ ಹೀಗೆಯೇ ಮುಂದುವರಿದರೆ ಒಬ್ಬ ಹೆಣ್ಣುಮಗಳು ತನ್ನ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬುದೇ ಆ ದರ. ಹೆಸರಿನಲ್ಲಿ ಫಲವತ್ತತೆ ಇದ್ದರೂ ಹೆರುವ ದೈಹಿಕ ಸಾಮರ್ಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಹುಟ್ಟಿದ ಮಕ್ಕಳನ್ನು ಎಣಿಸುವುದಷ್ಟೇ ಇದರ ಕೆಲಸ.

ಅಪ್ಪ, ಅಮ್ಮ ಇಬ್ಬರು. ಅವರ ಜಾಗ ತುಂಬಲು ಇಬ್ಬರು ಮಕ್ಕಳು ಸಾಕಲ್ಲವೇ? ಸಾಲದು. ಪ್ರಕೃತಿಯಲ್ಲಿ 100 ಹೆಣ್ಣು ಮಕ್ಕಳಿಗೆ ಸುಮಾರು 105 ಗಂಡು ಮಕ್ಕಳು ಹುಟ್ಟುತ್ತಾರೆ. ಜೊತೆಗೆ ಹುಟ್ಟಿದ ಹೆಣ್ಣು ಮಕ್ಕಳೆಲ್ಲ ತಾಯಾಗುವ ವಯಸ್ಸಿನವರೆಗೆ ಬದುಕುವುದಿಲ್ಲ. ಈ ಎರಡು ಕೊರತೆಗಳನ್ನು ಸೇರಿಸಿದರೆ ಸರಾಸರಿ 2.1 ಬೇಕಾಗುತ್ತದೆ. ಇದನ್ನು ‘ಬದಲಿ ಮಟ್ಟ’ ಎನ್ನುತ್ತಾರೆ. ಒಂದು ಪೀಳಿಗೆಯ ಜಾಗಕ್ಕೆ ಅಷ್ಟೇ ದೊಡ್ಡ ಇನ್ನೊಂದು ಪೀಳಿಗೆ ಬರುವ ಮಟ್ಟ ಅದು. ಮಕ್ಕಳ ಸಾವು ಹೆಚ್ಚಿರುವ ದೇಶದಲ್ಲಿ, ಹೆಣ್ಣು ಭ್ರೂಣವನ್ನು ತೆಗೆಸುವ ಕಡೆಗಳಲ್ಲಿ, ಇದಕ್ಕಿಂತಲೂ ತುಸು ಹೆಚ್ಚು ಬೇಕು.

1960ರ ದಶಕದಲ್ಲಿ ಜಗತ್ತಿನ ಸರಾಸರಿ ದರ ಸುಮಾರು 5 ಇತ್ತು. ಈಗ ಅದು 2.2ರ ಆಸುಪಾಸಿಗೆ ಬಂದಿದೆ. ಅರ್ಧಕ್ಕಿಂತ ಹೆಚ್ಚು ದೇಶಗಳು 2.1ಕ್ಕಿಂತ ಕೆಳಗಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ದರ 2.0, ಕರ್ನಾಟಕದ್ದು 1.7. ಆ ಸಮೀಕ್ಷೆಯ ಪ್ರಕಾರ ಬಿಹಾರ ಇನ್ನೂ 3ರ ಹತ್ತಿರ ಇದೆ, ಸಿಕ್ಕಿಂ 1.1ಕ್ಕೆ ಇಳಿದಿದೆ. ಧರ್ಮದ ಲೆಕ್ಕದಲ್ಲಿ ಹರಡುವ ಭಯಗಳಿಗೂ ಇಲ್ಲಿಯೇ ಉತ್ತರವಿದೆ. 1992–93ರಲ್ಲಿ ಹಿಂದೂಗಳ ದರ 3.3, ಮುಸ್ಲಿಮರದು 4.4 ಇತ್ತು. 2019–21ಕ್ಕೆ ಅವು 1.9 ಮತ್ತು 2.4 ಆದವು. ಇಬ್ಬರ ದರವೂ ಇಳಿದಿದೆ, ನಡುವಿನ ಅಂತರ ಅರ್ಧದಷ್ಟಾಗಿದೆ.

ಹಾಗಾದರೆ ಜನ ಇನ್ನೂ ಹೆಚ್ಚುತ್ತಿರುವುದು ಹೇಗೆ?

2022ರ ನವೆಂಬರ್‌ನಲ್ಲಿ ಭೂಮಿಯ ಮೇಲಿನ ಜನ 800 ಕೋಟಿ ಮುಟ್ಟಿದರು. ಮರುವರ್ಷ ಭಾರತ ಚೀನಾವನ್ನು ಹಿಂದೆ ಹಾಕಿತು. 2024ರ ವಿಶ್ವಸಂಸ್ಥೆಯ ಅಂದಾಜಿನಂತೆ ಜಗತ್ತಿನ ಜನಸಂಖ್ಯೆ 2080ರ ದಶಕದ ನಡುವೆ ಸುಮಾರು 1,030 ಕೋಟಿಗೆ ಏರಿ, ಆಮೇಲೆ ಇಳಿಯತೊಡಗುತ್ತದೆ. ಭಾರತ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ತಲುಪಿ ಇಳಿಜಾರು ಹಿಡಿಯುತ್ತದೆ. ಇಂದೇ 2.1ಕ್ಕಿಂತ ಕೆಳಗಿರುವ ದೇಶ ಇನ್ನೂ ಮೂರೂವರೆ ದಶಕ ಬೆಳೆಯುತ್ತದೆ ಎಂದರೆ ನಂಬುವುದು ಕಷ್ಟ.

ಅಡಿಕೆ ತೋಟವನ್ನು ನೆನೆಸಿಕೊಳ್ಳಿ. ತೋಟದವರು ಹತ್ತು ಹದಿನೈದು ವರ್ಷ ಸಸಿ ನೆಡುವುದನ್ನು ಕಡಿಮೆ ಮಾಡಿದರು ಎನ್ನೋಣ. ದಾರಿಹೋಕರಿಗೆ ಏನೂ ಗೊತ್ತಾಗುವುದಿಲ್ಲ. ಹಿಂದೆ ನೆಟ್ಟ ಮರಗಳು ತುಂಬು ಪ್ರಾಯದಲ್ಲಿವೆ, ಪ್ರತಿ ವರ್ಷ ಕೊನೆ ಬಿಡುತ್ತಿವೆ, ಫಸಲು ಏರುತ್ತಲೂ ಇರಬಹುದು. ಮೂವತ್ತು ವರ್ಷ ಕಳೆದ ಮೇಲೆ ಮರಗಳೆಲ್ಲ ಒಟ್ಟಿಗೆ ಮುದಿಯಾದಾಗ, ನಡುವೆ ಎಳೆಯ ಮರಗಳು ಎಷ್ಟು ಕಡಿಮೆ ಎಂದು ಕಣ್ಣಿಗೆ ಬೀಳುತ್ತದೆ. ಆಗ ಸಸಿ ನೆಟ್ಟರೂ ಫಸಲಿಗೆ ವರ್ಷಗಟ್ಟಲೆ ಕಾಯಬೇಕು.

ಭಾರತದ ಸ್ಥಿತಿಯೂ ಹಾಗೆಯೇ. ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ಪೀಳಿಗೆ ಈಗ ತಾಯ್ತಂದೆಯಾಗುವ ವಯಸ್ಸಿನಲ್ಲಿದೆ. ಒಬ್ಬೊಬ್ಬರಿಗೆ ಎರಡೇ ಮಕ್ಕಳಾದರೂ ತಾಯಂದಿರ ಸಂಖ್ಯೆಯೇ ಅಪಾರವಾದ್ದರಿಂದ ಒಟ್ಟು ಹುಟ್ಟು ಸಾವಿಗಿಂತ ಹೆಚ್ಚು. ಜನಸಂಖ್ಯಾ ಶಾಸ್ತ್ರಜ್ಞರು ಇದನ್ನು ‘ಜನಸಂಖ್ಯೆಯ ಆವೇಗ’ ಎನ್ನುತ್ತಾರೆ. ಅಣೆಕಟ್ಟೆಯ ತೂಬು ಮುಚ್ಚಿದ ಮೇಲೂ ನಾಲೆಯಲ್ಲಿ ಇಳಿದ ನೀರು ಕೊನೆಯ ಗದ್ದೆಯವರೆಗೆ ಹರಿದೇ ಹರಿಯುತ್ತದೆ. ನಾಲೆಯಲ್ಲಿ ನೀರು ಕಂಡವರು ತೂಬು ತೆರೆದೇ ಇದೆ ಎಂದುಕೊಳ್ಳುವುದು ಸಹಜ.

ಸಾವಿನ ಲೆಕ್ಕದಿಂದ ಶುರುವಾದ ಕತೆ

ನಮ್ಮ ಮುತ್ತಜ್ಜಿಯರು ಎಂಟು ಹತ್ತು ಹೆರುತ್ತಿದ್ದರು ಎಂದು ಎಲ್ಲರ ಮನೆಯಲ್ಲೂ ಮಾತಿದೆ. ಅಷ್ಟು ಹೆತ್ತರೂ ಆಗ ಜನಸಂಖ್ಯೆ ಏರಿದ್ದು ತೀರ ನಿಧಾನವಾಗಿ. ಮನುಷ್ಯಕುಲ ಮೊದಲ 100 ಕೋಟಿ ತಲುಪಿದ್ದೇ 1800ರ ಆಸುಪಾಸಿನಲ್ಲಿ. ಕೊನೆಯ 100 ಕೋಟಿಗೆ ಹಿಡಿದದ್ದು ಹನ್ನೊಂದೇ ವರ್ಷ, 2011ರಿಂದ 2022.

ಹಿಂದೆ ಏರದಂತೆ ತಡೆದದ್ದು ಸಾವು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷ ಜನರಿದ್ದರು. ಹತ್ತು ವರ್ಷದ ಬಳಿಕ ಎಣಿಸಿದಾಗ ಇದ್ದವರು ಸುಮಾರು 42 ಲಕ್ಷ. ನಡುವೆ ಬಂದದ್ದು 1876–78ರ ಮಹಾಕ್ಷಾಮ, ಹಳಬರ ಬಾಯಲ್ಲಿ ‘ಧಾತು ಈಶ್ವರ ಬರ’. ಬರವಿಲ್ಲದ ವರ್ಷಗಳಲ್ಲಿ ಕಾಲರಾ, ಪ್ಲೇಗು, ಸಿಡುಬು. ಭಾರತದ ಸರಾಸರಿ ಆಯಸ್ಸು 1940ರ ದಶಕದಲ್ಲೂ 32ರ ಹತ್ತಿರವೇ ಇತ್ತು. ಈಗ ಅದು 70.

ಲಸಿಕೆ, ಶುದ್ಧ ನೀರು, ಆ್ಯಂಟಿಬಯೋಟಿಕ್, ಪಡಿತರ ಬಂದಂತೆ ಮೊದಲು ಇಳಿದದ್ದು ಸಾವು. 1971ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ 1,000 ಕೂಸುಗಳಲ್ಲಿ 129 ಮೊದಲ ವರ್ಷ ತುಂಬುವ ಮುನ್ನವೇ ತೀರಿಕೊಳ್ಳುತ್ತಿದ್ದವು. 2023ಕ್ಕೆ ಆ ಸಂಖ್ಯೆ 25. ಹುಟ್ಟಿದ್ದೆಲ್ಲ ಉಳಿಯುತ್ತದೆ ಎಂಬ ಧೈರ್ಯ ತಾಯಂದಿರಿಗೆ ಬರಲು ಒಂದೆರಡು ಪೀಳಿಗೆ ಬೇಕಾಯಿತು. ಸಾವು ಇಳಿದು ಹೆರಿಗೆ ಇನ್ನೂ ಇಳಿಯದ ಆ ನಡುವಿನ ಕಾಲವೇ ನಾವು ಪ್ರಬಂಧ ಬರೆದ ‘ಸ್ಫೋಟ’. ಆಮೇಲೆ ಹೆರಿಗೆಯೂ ಇಳಿಯಿತು. ಸಾವೂ ಹೆಚ್ಚು ಹುಟ್ಟೂ ಹೆಚ್ಚು ಎಂಬ ಸ್ಥಿತಿಯಿಂದ ಎರಡೂ ಕಡಿಮೆ ಎಂಬ ಸ್ಥಿತಿಗೆ ಸಾಗುವ ಈ ಪಯಣಕ್ಕೆ ‘ಜನಸಂಖ್ಯಾ ಸ್ಥಿತ್ಯಂತರ’ ಎಂದು ಹೆಸರು.

ಈ ಚರಿತ್ರೆಯಲ್ಲಿ ಕನ್ನಡ ನಾಡಿಗೆ ವಿಶೇಷ ಜಾಗವಿದೆ. ಸರ್ಕಾರವೇ ಮುಂದೆ ನಿಂತು ಜನನ ನಿಯಂತ್ರಣದ ಕ್ಲಿನಿಕ್ ತೆರೆಯಲು ಮೈಸೂರು ಸಂಸ್ಥಾನ ಆದೇಶ ಹೊರಡಿಸಿದ್ದು 1930ರಲ್ಲಿ. ಜಗತ್ತಿನ ಹೆಚ್ಚಿನ ಕಡೆ ಅದು ಬಾಯಿಬಿಟ್ಟು ಆಡಲಾಗದ ಮಾತಾಗಿದ್ದ ಕಾಲ. 1952ರಲ್ಲಿ ಭಾರತ ರಾಷ್ಟ್ರಮಟ್ಟದ ಕುಟುಂಬ ಯೋಜನೆ ಆರಂಭಿಸಿದ ಮೊದಲ ದೇಶವಾಯಿತು. ಅದೇ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಒಂದು ಪ್ರಯೋಗ ನಡೆದದ್ದು ರಾಮನಗರದಲ್ಲಿ. ತಿಂಗಳಿನ ಯಾವ ದಿನಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ ಎಂದು ಎಣಿಸಿಕೊಳ್ಳಲು ಅಲ್ಲಿನ ಹೆಂಗಸರಿಗೆ ಬಣ್ಣ ಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಪ್ರಯೋಗ ಹೆಚ್ಚು ಫಲ ಕೊಡಲಿಲ್ಲ. ಆದರೆ ಮಕ್ಕಳ ನಡುವೆ ಅಂತರ ಬೇಕು ಎಂಬ ಆಸೆ ಹಳ್ಳಿಯ ಹೆಂಗಸರಲ್ಲಿ ಆಗಲೇ ಇತ್ತು. ಇಲ್ಲದಿದ್ದರೆ ಆ ಸರ ಹಿಡಿದು ದಿನ ಎಣಿಸಲು ಯಾರು ಒಪ್ಪುತ್ತಿದ್ದರು?

ಮಕ್ಕಳು ಕಡಿಮೆಯಾಗಲು ಕಾರಣವೇನು?

ಒಂದು ಕಾರಣ ಈಗಾಗಲೇ ಹೇಳಿದೆ: ಮಕ್ಕಳು ಸಾಯುವುದು ತೀರ ಕಡಿಮೆಯಾಯಿತು. ಎರಡನೆಯದು ಹೆಣ್ಣು ಮಕ್ಕಳ ಓದು. ಹತ್ತನೇ ತರಗತಿ, ಪಿಯುಸಿ ಮುಗಿಸುವ ಹುಡುಗಿಗೆ ಮದುವೆ ತಡವಾಗುತ್ತದೆ, ಮೊದಲ ಮಗು ತಡವಾಗುತ್ತದೆ, ಎಷ್ಟು ಸಾಕು ಎಂದು ಹೇಳುವ ದನಿ ಗಟ್ಟಿಯಾಗುತ್ತದೆ. ಯಾವ ದೇಶದ ಅಂಕಿಅಂಶ ತೆಗೆದರೂ ಈ ನಂಟು ಕಾಣುತ್ತದೆ. 1980ರ ದಶಕದಲ್ಲಿ ಆರಕ್ಕಿಂತ ಹೆಚ್ಚಿದ್ದ ಇರಾನಿನ ದರ ಎರಡು ದಶಕದೊಳಗೆ 2ರ ಹತ್ತಿರಕ್ಕೆ ಇಳಿದದ್ದರ ಹಿಂದೆಯೂ ಹಳ್ಳಿಯ ಆರೋಗ್ಯ ಕೇಂದ್ರ ಮತ್ತು ಹುಡುಗಿಯರ ಶಾಲೆ ಇದ್ದವು.

ಮೂರನೆಯದು ಬದುಕಿನ ಲೆಕ್ಕ. ಹೊಲ ಮನೆಯಲ್ಲಿ ದುಡಿಯುವ ಕುಟುಂಬಕ್ಕೆ ಇನ್ನೊಂದು ಮಗು ಎಂದರೆ ಇನ್ನೆರಡು ಕೈ. ಕಾನ್ವೆಂಟ್ ಶಾಲೆಯ ಫೀಸು, ಟ್ಯೂಷನ್, ಬಾಡಿಗೆ ಮನೆಯ ಕುಟುಂಬಕ್ಕೆ ಇನ್ನೊಂದು ಮಗು ಎಂದರೆ ಇಪ್ಪತ್ತೆರಡು ವರ್ಷದ ಖರ್ಚು.

ನಾಲ್ಕನೆಯದು ಗರ್ಭನಿರೋಧಕ ವಿಧಾನಗಳು. ಇಲ್ಲಿ ಒಂದು ಮಾತು ಹೇಳಲೇಬೇಕು. ಕರ್ನಾಟಕದಲ್ಲಿ ಕುಟುಂಬ ಯೋಜನೆ ಎಂದರೆ ಬಹುಮಟ್ಟಿಗೆ ಹೆಂಗಸರ ‘ಆಪರೇಷನ್’. 2019–21ರ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಅದನ್ನು ಮಾಡಿಸಿಕೊಂಡಿದ್ದರು. ಗಂಡಸರ ಶಸ್ತ್ರಚಿಕಿತ್ಸೆ ಇನ್ನೂ ಸುಲಭ, ಆದರೂ ಅದರ ಪ್ರಮಾಣ ಇಡೀ ದೇಶದಲ್ಲಿ ಶೇ 0.3. ತುರ್ತುಪರಿಸ್ಥಿತಿಯ 1976–77ರಲ್ಲಿ ಬಲವಂತವಾಗಿ ಗಂಡಸರನ್ನು ಎಳೆದೊಯ್ದ ನೆನಪು ಅದರ ಹೆಸರು ಕೆಡಿಸಿತು, ಆಮೇಲೆ ಹೊರೆಯೆಲ್ಲ ಹೆಂಗಸರ ಮೇಲೆ ಬಿತ್ತು. ಜನಸಂಖ್ಯೆ ಇಳಿಸಿದ ಶ್ರೇಯಸ್ಸನ್ನು ಹಂಚುವುದಾದರೆ ಮೊದಲ ಪಾಲು ಸಲ್ಲಬೇಕಾದದ್ದು ತಾಲ್ಲೂಕು ಆಸ್ಪತ್ರೆಗಳ ಆ ಶಿಬಿರಗಳಲ್ಲಿ ಮಲಗಿದ ತಾಯಂದಿರಿಗೆ.

ಮುಂದೆ ಸಾಗಿದವರ ಮನೆಯಲ್ಲಿ ಏನಾಗುತ್ತಿದೆ?

ನಮಗಿಂತ ಮೊದಲು ಈ ದಾರಿ ಹಿಡಿದ ದೇಶ ಜಪಾನ್. 2008ರ ಸುಮಾರಿಗೆ ಸುಮಾರು 12.8 ಕೋಟಿ ಇದ್ದ ಅಲ್ಲಿನ ಜನಸಂಖ್ಯೆ ಆಮೇಲೆ ಇಳಿಯುತ್ತಲೇ ಇದೆ. 2024ರಲ್ಲಿ ಅಲ್ಲಿ ಹುಟ್ಟಿದ ಜಪಾನೀ ಮಕ್ಕಳು 7 ಲಕ್ಷಕ್ಕಿಂತ ಕಡಿಮೆ, ತೀರಿಕೊಂಡವರು 16 ಲಕ್ಷ. ನೂರರಲ್ಲಿ 29 ಮಂದಿ 65 ದಾಟಿದವರು. 2023ರ ಸಮೀಕ್ಷೆಯಂತೆ ದೇಶದಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 90 ಲಕ್ಷ. ಓಜಿ ಹೋಲ್ಡಿಂಗ್ಸ್ ಎಂಬ ಕಾಗದದ ಕಂಪನಿ ಜಪಾನಿನಲ್ಲಿ ಮಕ್ಕಳ ಡೈಪರ್ ತಯಾರಿಕೆಯನ್ನೇ 2024ರಲ್ಲಿ ಕೈಬಿಟ್ಟು ವಯಸ್ಸಾದವರ ಡೈಪರ್ ಕಡೆ ಗಮನ ಕೊಡುವುದಾಗಿ ಹೇಳಿತು.

ದಕ್ಷಿಣ ಕೊರಿಯಾ ಇನ್ನೂ ಮುಂದೆ ಹೋಗಿದೆ. 2023ರಲ್ಲಿ ಅಲ್ಲಿನ ದರ 0.72, ಮರುವರ್ಷ 0.75. ಈ ಸಣ್ಣ ಸಂಖ್ಯೆಯ ಅರ್ಥ ತಿಳಿಯಲು ಬೆರಳಲ್ಲೇ ಎಣಿಸಬಹುದು. ನೂರು ಜನರಿದ್ದಾರೆ, ಅರ್ಧ ಹೆಂಗಸರು. 50 ಹೆಂಗಸರಿಗೆ ತಲಾ 0.72ರಂತೆ 36 ಮಕ್ಕಳು. ಅವರಲ್ಲಿ 18 ಹುಡುಗಿಯರು, ಅವರಿಗೆ 13 ಮಕ್ಕಳು. ನೂರು ಅಜ್ಜ ಅಜ್ಜಿಯರಿಗೆ 13 ಮೊಮ್ಮಕ್ಕಳು. ಯುದ್ಧವಿಲ್ಲ, ಬರವಿಲ್ಲ, ರೋಗವಿಲ್ಲ. ಧಾತು ಈಶ್ವರ ಬರ ಮೈಸೂರಿನ ಆರರಲ್ಲಿ ಒಂದು ಪಾಲು ಜನರನ್ನು ಕಳೆಯಿತು. ಇಲ್ಲಿ ಎರಡೇ ಪೀಳಿಗೆಯಲ್ಲಿ ಎಂಟರಲ್ಲಿ ಏಳು ಪಾಲು ಸದ್ದಿಲ್ಲದೆ ಕರಗುವ ಲೆಕ್ಕ. ಇದೇ ದರ ಹೀಗೆಯೇ ಉಳಿದರೆ ಎಂಬ ಷರತ್ತು ಇದಕ್ಕಿದೆ, ನಿಜ.

ಚೀನಾ 1980ರಿಂದ ಮೂರೂವರೆ ದಶಕ ಒಂದೇ ಮಗು ಎಂಬ ಕಟ್ಟುನಿಟ್ಟು ಮಾಡಿತು. 2016ರಲ್ಲಿ ಎರಡಕ್ಕೆ, 2021ರಲ್ಲಿ ಮೂರಕ್ಕೆ ಒಪ್ಪಿಗೆ ಕೊಟ್ಟಿತು. ಮಕ್ಕಳು ಹೆಚ್ಚಲಿಲ್ಲ. 2022ರಿಂದ ಅಲ್ಲಿ ಜನಸಂಖ್ಯೆ ಇಳಿಯುತ್ತಿದೆ. 2100ಕ್ಕೆ ಈಗಿನ ಅರ್ಧಕ್ಕಿಂತಲೂ ಕಡಿಮೆ, ಸುಮಾರು 63 ಕೋಟಿ ಉಳಿಯಬಹುದು ಎಂಬುದು ವಿಶ್ವಸಂಸ್ಥೆಯ ಅಂದಾಜು.

ಆಫ್ರಿಕದ ಚಿತ್ರ ಬೇರೆ. ನೈಜೀರಿಯಾದ ದರ ಇನ್ನೂ 4ಕ್ಕಿಂತ ಹೆಚ್ಚು, ನೈಜರ್‌ನದು 6ರ ಸುಮಾರು. 2050ರ ಹೊತ್ತಿಗೆ ಜಗತ್ತಿನ ನಾಲ್ವರಲ್ಲಿ ಒಬ್ಬರು ಆಫ್ರಿಕದವರಾಗಿರುತ್ತಾರೆ. ಅಲ್ಲೂ ದರ ಇಳಿಯುತ್ತಿದೆ, ನಿಧಾನವಾಗಿ.

ಹೆರಿ ಎಂದರೆ ಹೆರುತ್ತಾರೆಯೇ?

ಸಿಂಗಪುರ 1970ರ ದಶಕದಲ್ಲಿ ‘ಎರಡಕ್ಕೆ ನಿಲ್ಲಿಸಿ’ ಎಂದಿತ್ತು. 1987ರಲ್ಲಿ ತಿರುಗಿ, ಶಕ್ತಿಯಿದ್ದರೆ ಮೂರು ಅಥವಾ ಹೆಚ್ಚು ಹೊಂದಿ ಎಂದಿತು. ಹಣ ಕೊಟ್ಟಿತು, ಮನೆ ಕೊಡುವಾಗ ಆದ್ಯತೆ ಕೊಟ್ಟಿತು. 2023ರಲ್ಲಿ ಅಲ್ಲಿನ ದರ 0.97.

ಬಲವಂತದ ಕತೆ ರೊಮೇನಿಯಾದ್ದು. 1966ರಲ್ಲಿ ಅಲ್ಲಿನ ಸರ್ಕಾರ ಗರ್ಭಪಾತವನ್ನು ನಿಷೇಧಿಸಿತು. ದರ ಒಂದೇ ವರ್ಷದಲ್ಲಿ 1.9ರಿಂದ 3.7ಕ್ಕೆ ಜಿಗಿಯಿತು. ಕೆಲವೇ ವರ್ಷಗಳಲ್ಲಿ ಜನ ಕಳ್ಳದಾರಿ ಹುಡುಕಿಕೊಂಡರು, ದರ ಮತ್ತೆ ಇಳಿಯಿತು. ಕದ್ದು ಮಾಡಿಸಿಕೊಂಡ ಗರ್ಭಪಾತಗಳಲ್ಲಿ ಸಾವಿರಾರು ಹೆಂಗಸರು ಸತ್ತರು, ಅನಾಥಾಲಯಗಳು ತುಂಬಿದವು. 1989ರಲ್ಲಿ ಆ ಆಡಳಿತ ಉರುಳಿದಾಗಲೇ ನಿಷೇಧವೂ ಹೋಯಿತು.

ಕೂಸು ನೋಡಿಕೊಳ್ಳುವ ವ್ಯವಸ್ಥೆ, ಅಪ್ಪನಿಗೂ ರಜೆ, ಹೆರಿಗೆಯ ನಂತರ ಕೆಲಸ ಹೋಗುವುದಿಲ್ಲ ಎಂಬ ಭರವಸೆ ಇರುವ ಕಡೆ ಇಳಿತ ಸ್ವಲ್ಪ ನಿಧಾನವಾಗಿದೆ. ಫ್ರಾನ್ಸ್ ಇದಕ್ಕೆ ಉದಾಹರಣೆ. ಅಲ್ಲೂ ದರ 2.1ಕ್ಕಿಂತ ಕೆಳಗೇ ಇದೆ. ಹೆಂಗಸರು ಓದಿ, ದುಡಿದು, ಮಕ್ಕಳ ಸಾವು ಕಡಿಮೆಯಾದದ್ದರಿಂದ ಬಂದ ಇಳಿತ ಇದು. ಆ ಕಾರಣಗಳನ್ನು ಹಿಂದಕ್ಕೆ ತಿರುಗಿಸಲು ಯಾರಿಗೂ ಮನಸ್ಸಿಲ್ಲ, ತಿರುಗಿಸಲೂಬಾರದು.

ಕರ್ನಾಟಕದ ಮನೆಬಾಗಿಲಲ್ಲಿ

ನಮ್ಮ ರಾಜ್ಯ ಬದಲಿ ಮಟ್ಟಕ್ಕೆ ಬಂದು ಎರಡು ದಶಕದ ಮೇಲಾಯಿತು. ಪರಿಣಾಮ ಮೊದಲು ಕಾಣುವುದು ಮಲೆನಾಡು, ಕರಾವಳಿಯ ಊರುಗಳಲ್ಲಿ. ಶಿರಸಿ, ಸಾಗರ, ತೀರ್ಥಹಳ್ಳಿ ಸೀಮೆಯ ಎಷ್ಟೋ ಮನೆಗಳಲ್ಲಿ ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ. ತೋಟವಿದೆ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗುವುದಿಲ್ಲ. ಕೊಡಗಿನ ಕಾಫಿ ತೋಟಗಳಿಗೆ ಅಸ್ಸಾಮಿನ ಕೆಲಸಗಾರರು ಬರುತ್ತಿದ್ದಾರೆ. ಬೆಂಗಳೂರಿನ ಕಟ್ಟಡ ಕೆಲಸ ಬಿಹಾರ, ಒಡಿಶಾದವರ ಕೈಯಲ್ಲಿದೆ. ಎಳೆಯರು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಜನ ಹರಿದು ಬರುವುದು ಜನಸಂಖ್ಯಾ ಸ್ಥಿತ್ಯಂತರದ ನೇರ ಫಲ. ಮುಂದೆ ಇದು ಹೆಚ್ಚುತ್ತದೆ.

ರಾಜಕೀಯದ ಚಿಂತೆಗೂ ಇದೇ ಮೂಲ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಎಂಬುದು 1971ರ ಜನಗಣತಿಯ ಮೇಲೆ ನಿಂತಿದೆ. ಕುಟುಂಬ ಯೋಜನೆ ಪಾಲಿಸಿದ ರಾಜ್ಯಗಳಿಗೆ ನಷ್ಟವಾಗದಿರಲಿ ಎಂದು 1976ರಲ್ಲಿ ಆ ಹಂಚಿಕೆಯನ್ನು ಹಾಗೆಯೇ ನಿಲ್ಲಿಸಲಾಯಿತು. ಆಮೇಲೆ ಸಂವಿಧಾನದ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಜನಸಂಖ್ಯೆಯನ್ನಷ್ಟೇ ನೋಡಿ ಸ್ಥಾನ ಮರುಹಂಚಿದರೆ ಕರ್ನಾಟಕದ 28ರ ಪಾಲು ಕುಗ್ಗುತ್ತದೆ, ಉತ್ತರದ ದೊಡ್ಡ ರಾಜ್ಯಗಳ ಪಾಲು ಹಿಗ್ಗುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಕಾಡುವುದು ಮುಪ್ಪಿನ ಪ್ರಶ್ನೆ. ಭಾರತದಲ್ಲಿ 60 ದಾಟಿದವರು 2022ರಲ್ಲಿ ಸುಮಾರು 15 ಕೋಟಿ. 2050ಕ್ಕೆ ಅದು 34 ಕೋಟಿ ಮೀರುತ್ತದೆ, ಐವರಲ್ಲಿ ಒಬ್ಬರು. ಜನಸಂಖ್ಯೆಯಲ್ಲಿ 65 ದಾಟಿದವರ ಪಾಲು ಶೇ 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ 115 ವರ್ಷ ಸಿಕ್ಕಿತ್ತು, ಜಪಾನಿಗೆ 24. ಭಾರತಕ್ಕೆ ಸುಮಾರು ಮೂರು ದಶಕ ಸಿಗಬಹುದು. ಜಪಾನ್ ಆ ಹೊತ್ತಿಗೆ ಶ್ರೀಮಂತ ದೇಶವಾಗಿತ್ತು. ನಮ್ಮಲ್ಲಿ ಹೆಚ್ಚಿನವರು ಪಿಂಚಣಿಯಿಲ್ಲದ ಕೆಲಸ ಮಾಡುವವರು. ಸಂಧ್ಯಾ ಸುರಕ್ಷಾದಲ್ಲಿ ಸಿಗುವುದು ತಿಂಗಳಿಗೆ 1,200 ರೂಪಾಯಿ.

ಇನ್ನೂ ಸಮಯವಿದೆ. ದೇಶದ ಜನರಲ್ಲಿ ಮೂರರಲ್ಲಿ ಎರಡು ಪಾಲು ಈಗ ದುಡಿಯುವ ವಯಸ್ಸಿನವರು. ಕೂರಿಸಿ ಊಟ ಹಾಕಬೇಕಾದವರು ಕಡಿಮೆ, ದುಡಿಯಬಲ್ಲವರು ಹೆಚ್ಚು ಇರುವ ಈ ಕಾಲವನ್ನು ‘ಜನಸಂಖ್ಯಾ ಲಾಭಾಂಶ’ ಎನ್ನುತ್ತಾರೆ. ಬ್ಯಾಂಕಿನ ಬಡ್ಡಿಯಂತೆ ಅದು ತಾನಾಗಿ ಜಮೆಯಾಗುವುದಿಲ್ಲ. ಆ ಕೈಗಳಿಗೆ ಕೆಲಸ ಸಿಕ್ಕರೆ ಮಾತ್ರ ಲಾಭ. ಅದರಲ್ಲೂ ಹೆಣ್ಣು ಮಕ್ಕಳಿಗೆ ಸಂಬಳದ ಕೆಲಸ ಸಿಗಬೇಕು. ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ಯಂಥ ಶಿಶುಪಾಲನಾ ಕೇಂದ್ರಗಳು ಸಣ್ಣದಾಗಿ ಕಂಡರೂ ಈ ದೊಡ್ಡ ಲೆಕ್ಕದೊಳಗಿನವೇ.

ಅಂದಾಜನ್ನು ಎಷ್ಟು ನಂಬಬಹುದು?

ಇದರಲ್ಲಿ ಗಟ್ಟಿಯಾದ ಭಾಗವೂ ಇದೆ, ತೆಳುವಾದ ಭಾಗವೂ ಇದೆ. 2050ರಲ್ಲಿ 60 ದಾಟಿರುವವರೆಲ್ಲ ಈಗಾಗಲೇ ಹುಟ್ಟಿದ್ದಾರೆ, ನಮ್ಮ ನಡುವೆಯೇ ಓಡಾಡುತ್ತಿದ್ದಾರೆ. ಅವರ ಸಂಖ್ಯೆಯಲ್ಲಿ ದೊಡ್ಡ ತಪ್ಪಾಗುವುದು ಕಷ್ಟ. ಇನ್ನೂ ಹುಟ್ಟದವರು ಎಷ್ಟು ಮಕ್ಕಳನ್ನು ಹೊಂದುತ್ತಾರೆ ಎಂಬುದು ಊಹೆ. 2019ರಲ್ಲಿ ವಿಶ್ವಸಂಸ್ಥೆಯೇ 2100ಕ್ಕೆ 1,090 ಕೋಟಿ ಎಂದಿತ್ತು, ಐದೇ ವರ್ಷದಲ್ಲಿ ಅದನ್ನು 1,020 ಕೋಟಿಗೆ ಇಳಿಸಿತು.

ಜನ ಕಡಿಮೆಯಾದರೆ ಹವಾಮಾನದ ಸಮಸ್ಯೆ ತಾನೇ ಬಗೆಹರಿಯುತ್ತದೆ ಎಂದು ಕೆಲವರು ಸಮಾಧಾನ ಪಡುತ್ತಾರೆ. ಕಾಲ ಕೂಡುವುದಿಲ್ಲ. ಹೊಗೆ ಇಳಿಯಬೇಕಾದದ್ದು ಮುಂದಿನ ಎರಡು ಮೂರು ದಶಕಗಳಲ್ಲಿ, ಜನಸಂಖ್ಯೆ ಇಳಿಯತೊಡಗುವುದು ಆರು ದಶಕಗಳ ಆಚೆ.

ನಮ್ಮ ದೇಶದ ಮಟ್ಟಿಗೆ ಈ ಅಂಕಿಗಳು ಗಟ್ಟಿಯಾಗಲು ಬೇಕಾದದ್ದು 2011ರ ಬಳಿಕ ನಡೆಯದೇ ಉಳಿದ ಜನಗಣತಿ. 2027ರ ಮಾರ್ಚ್ 1 ಅದರ ಆಧಾರ ದಿನ. ಹಿಂದಿನ ಗಣತಿಯಲ್ಲಿ ಮದುವೆಯಾದ ಹೆಂಗಸರಿಗೆ ಎರಡು ಪ್ರಶ್ನೆಗಳನ್ನು ಕೇಳಿದ್ದರು: ಈಗ ಬದುಕಿರುವ ಮಕ್ಕಳೆಷ್ಟು, ಒಟ್ಟು ಹುಟ್ಟಿದ ಮಕ್ಕಳೆಷ್ಟು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಇವೆರಡನ್ನೂ ಕೇಳಿ ನೋಡಿ. ಆಮೇಲೆ ಅವರ ಸೊಸೆಯನ್ನು, ಮೊಮ್ಮಗಳನ್ನು ಕೇಳಿ. ಅಜ್ಜಿಯ ಎರಡು ಉತ್ತರಗಳ ನಡುವೆ ಅಂತರವಿರುವ ಸಾಧ್ಯತೆ ಹೆಚ್ಚು. ಸೊಸೆ, ಮೊಮ್ಮಗಳ ಉತ್ತರದಲ್ಲಿ ಎರಡೂ ಸಂಖ್ಯೆ ಬಹುಶಃ ಒಂದೇ ಇರುತ್ತವೆ.